ಪುಣೆಯಿಂದ 108 ಒತ್ತಿದರೆ ಶ್ರೀನಿವಾಸಪುರಕ್ಕೆ ಆಂಬುಲೆನ್ಸ್ ಬರುವುದಿಲ್ಲ

ಓದುಗರ ಪ್ರಶ್ನೆ:

"ಡಾಕ್ಟ್ರೇ, ನಾನು ಪುಣೆಯಲ್ಲಿ ಕೆಲಸದಲ್ಲಿದ್ದೇನೆ. ತಮ್ಮ ಮಸ್ಕತ್‌ನಲ್ಲಿದ್ದಾನೆ. ಅಪ್ಪನಿಗೆ 76, ಅಮ್ಮನಿಗೆ 70. ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಇಬ್ಬರೇ ಇದ್ದಾರೆ. ಒಂದು ಹಸು, ಸ್ವಲ್ಪ ಮಾವಿನ ತೋಪು. ಅಪ್ಪನಿಗೆ ಸಕ್ಕರೆ ಕಾಯಿಲೆ, ಮಾತ್ರೆಯೂ ಇದೆ, ರಾತ್ರಿ ಇನ್ಸುಲಿನ್ನೂ ಇದೆ. ಅಮ್ಮನಿಗೆ ಬಿಪಿ. ಹೋದ ತಿಂಗಳು ಬೆಳಿಗ್ಗೆ ಅಪ್ಪ ಡೇರಿಗೆ ಹಾಲು ಹಾಕಿ ಹಾಗೇ ತೋಪಿನ ಕಡೆ ಹೋಗಿದ್ದಾಗ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಸುಮಾರು ಎರಡು ಗಂಟೆ ಅಲ್ಲೇ ಬಿದ್ದಿದ್ದರು. ನಾನು ಮಾಡಿದ ಫೋನು ನಡುಮನೆಯಲ್ಲಿ ರಿಂಗ್ ಆಗುತ್ತಿದ್ದುದು ಅವರಿಗೆ ಕೇಳಿಸುತ್ತಿತ್ತಂತೆ, ಏಳಲು ಆಗಲಿಲ್ಲ. ಪಕ್ಕದ ಮನೆಯವರು ನೋಡಿ ನನಗೆ ಫೋನ್ ಮಾಡಿದರು. ಗಾಬರಿಯಲ್ಲಿ ನಾನೇ 108 ಒತ್ತಿದೆ. ಎತ್ತಿದವರು ಮರಾಠಿಯಲ್ಲಿ ಮಾತಾಡಿದರು! ಕೊನೆಗೆ ಯಾರದೋ ಓಮ್ನಿಯಲ್ಲಿ ಕರೆದುಕೊಂಡು ಹೋದರು. ಪುಣ್ಯಕ್ಕೆ ಮಣಿಕಟ್ಟು ಮಾತ್ರ ಮುರಿದಿತ್ತು, ಈಗ ಪ್ಲಾಸ್ಟರ್ ಇದೆ. ಆವತ್ತಿನಿಂದ ನನಗೆ ನಿದ್ದೆ ಇಲ್ಲ. ಮನೆಯಲ್ಲಿ ಕ್ಯಾಮೆರಾ ಹಾಕಿಸಲಾ? ಇಬ್ಬರನ್ನೂ ಪುಣೆಗೆ ಕರೆತರಲಾ? ಅವರು ಒಪ್ಪುತ್ತಿಲ್ಲ. ಇನ್ನೊಮ್ಮೆ ಹೀಗಾದರೆ ಸೀದಾ ಬೆಂಗಳೂರಿಗೇ ಕರೆದುಕೊಂಡು ಹೋಗಿ ಅಂತ ಎಲ್ಲರೂ ಹೇಳುತ್ತಾರೆ. ಏನು ಮಾಡಲಿ?"

ಉತ್ತರ:

ನಿಮ್ಮ ಪತ್ರ ಓದಿದಾಗ ನನಗೆ ಎರಡು ಭಯ ಕಂಡವು. ಮೊದಲನೆಯದು, ಮತ್ತೆ ಹೀಗಾದರೆ ಏನು ಗತಿ ಅನ್ನುವುದು. ಎರಡನೆಯದನ್ನು ನೀವು ಬರೆದಿಲ್ಲ, ಆದರೆ ಸಾಲುಗಳ ನಡುವೆ ಇದೆ: ನಾನು ಅಲ್ಲಿ ಇರಬೇಕಿತ್ತು ಅನ್ನುವುದು. ಕೋಲಾರದ ಕಡೆ ಹಿರಿಯರನ್ನು ನೋಡುವ ವೈದ್ಯೆಯಾಗಿ ಈ ಎರಡನೇ ಭಯ ಹೊತ್ತ ಮಕ್ಕಳನ್ನು ನಾನು ವಾರವಾರವೂ ನೋಡುತ್ತೇನೆ. ಒಂದು ಮಾತು ನಂಬಿ. ನೀವು ಬೆಂಗಳೂರಲ್ಲೇ ಇದ್ದಿದ್ದರೂ ಆವತ್ತಿನ ಆ ಎರಡು ಗಂಟೆ ಹಾಗೇ ಕಳೆಯುತ್ತಿತ್ತು. ಮೊದಲ ಅರ್ಧ ಗಂಟೆಯಲ್ಲಿ ಕೈಗೆ ಸಿಗುವವರು ಕೂಗಿದರೆ ಕೇಳಿಸುವಷ್ಟು ಹತ್ತಿರ ಇರುವವರು ಮಾತ್ರ. ದೂರದಲ್ಲಿರುವ ನಿಮ್ಮ ಕೆಲಸ ಆ ಹತ್ತಿರದವರನ್ನು ತಯಾರು ಮಾಡಿಡುವುದು. ಅದು ಪುಣೆಯಿಂದಲೂ ಆಗುತ್ತದೆ.

ಮೊದಲು 108ರ ವಿಷಯ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ತುಂಬಾ ಜನಕ್ಕೆ ಇದು ಗೊತ್ತಿಲ್ಲ. 108 ದೇಶಕ್ಕೆಲ್ಲ ಒಂದೇ ಕಚೇರಿ ಅಲ್ಲ. ಒಂದೊಂದು ರಾಜ್ಯಕ್ಕೂ ಅದರದೇ ವ್ಯವಸ್ಥೆ ಇದೆ. ನಮ್ಮಲ್ಲಿ 2008ರಲ್ಲಿ ಆರೋಗ್ಯ ಕವಚ ಅಂತ ಶುರುವಾಯಿತು, ಮಹಾರಾಷ್ಟ್ರದ್ದು ಬೇರೆ. ನೀವು ಎಲ್ಲಿ ನಿಂತು ಒತ್ತುತ್ತೀರೋ ಅಲ್ಲಿನ ರಾಜ್ಯಕ್ಕೆ ಕರೆ ಹೋಗುತ್ತದೆ. ಸಿಮ್ ಕರ್ನಾಟಕದ್ದೇ ಆಗಿರಲಿ, ಪುಣೆಯಲ್ಲಿದ್ದಾಗ ಒತ್ತಿದರೆ ಅಲ್ಲಿನವರೇ ಎತ್ತುತ್ತಾರೆ. 112 ಕೂಡ ಹಾಗೇ. ಮಸ್ಕತ್‌ನಿಂದ ನಿಮ್ಮ ತಮ್ಮ ಒತ್ತಿದರೆ ಇಲ್ಲಿಗೆ ತಲುಪುವುದೇ ಇಲ್ಲ. ಹಾಗಾಗಿ 108ಕ್ಕೆ ಊರಿನಲ್ಲಿರುವವರೇ ಫೋನ್ ಮಾಡಬೇಕು. ಅದೂ ಅಮ್ಮನ ಪಕ್ಕದಲ್ಲಿ ನಿಂತಿರುವವರು ಮಾಡಿದರೆ ಒಳ್ಳೆಯದು. ಉಸಿರಾಟ ಹೇಗಿದೆ, ಮಾತಾಡುತ್ತಿದ್ದಾರಾ, ಊರಿಗೆ ಯಾವ ಕಡೆಯಿಂದ ಬರಬೇಕು, ಇದನ್ನೆಲ್ಲ ಆ ಕಡೆಯವರು ಕೇಳುತ್ತಾರೆ. ನಿಮಗೆ ಇದು ಯಾವುದೂ ಗೊತ್ತಿರುವುದಿಲ್ಲ, ಅಲ್ವಾ?

ನಿಮ್ಮ ಫೋನಿನಲ್ಲಿ ಇರಬೇಕಾದದ್ದು ಪೂರ್ತಿ ನಂಬರುಗಳು. ಪಕ್ಕದ ಮನೆಯ ಇಬ್ಬರದು, ಒಬ್ಬರು ಎತ್ತದಿದ್ದರೆ ಇನ್ನೊಬ್ಬರು. ಓಮ್ನಿ ಓಡಿಸುವವರದು. ಶ್ರೀನಿವಾಸಪುರದಲ್ಲಿ ರಾತ್ರಿ ಸಿಗುವ ಖಾಸಗಿ ಆಂಬುಲೆನ್ಸ್‌ನದು. ಎಸ್‌ಟಿಡಿ ಕೋಡ್ ಸಮೇತ ತಾಲ್ಲೂಕು ಆಸ್ಪತ್ರೆ ಮತ್ತು ಪೊಲೀಸ್ ಠಾಣೆಯದು. ಒಂದು ಸಲ ಒತ್ತಿ ನೋಡಿ, ಎತ್ತುತ್ತಾರಾ ಅಂತ. ಎತ್ತದ ನಂಬರ್ ಇಟ್ಟುಕೊಂಡು ಪ್ರಯೋಜನ ಇಲ್ಲ.

ಈಗ ಪಕ್ಕದ ಮನೆಯವರ ವಿಷಯಕ್ಕೆ ಬರುತ್ತೇನೆ. ನನ್ನ ಅನುಭವದಲ್ಲಿ ಹೆಚ್ಚು ಹೊತ್ತು ವ್ಯರ್ಥವಾಗುವುದು ರಸ್ತೆಯಲ್ಲಿ ಅಲ್ಲ, ಮನೆಯ ಜಗಲಿಯ ಮೇಲೆ. ಅಕ್ಕಪಕ್ಕದವರು ಸೇರುತ್ತಾರೆ. ಅಜ್ಜಿಯನ್ನು ಮಂಚದ ಮೇಲೆ ಮಲಗಿಸಿ, ನೀರು ಕುಡಿಸಿ, "ಮಗಳಿಗೆ ಫೋನ್ ಮಾಡ್ರಪ್ಪ, ಏನಂತಾಳೆ ಕೇಳೋಣ" ಅಂತ ಕಾಯುತ್ತಾರೆ. ಮಗಳು ಮೀಟಿಂಗಿನಲ್ಲಿರುತ್ತಾಳೆ. ಮಗನ ಫೋನ್ ನಾಟ್ ರೀಚಬಲ್. ಯಾಕೆ ಕಾಯುತ್ತಾರೆ ಗೊತ್ತಾ? ಕೆಟ್ಟವರಲ್ಲ ಅವರು. ನಾವು ಕರೆದುಕೊಂಡು ಹೋಗಿ ದಾರಿಯಲ್ಲಿ ಏನಾದರೂ ಆದರೆ ನಮ್ಮ ತಲೆಗೆ ಬರುತ್ತದಲ್ಲ ಅನ್ನುವ ಭಯ. ಆಸ್ಪತ್ರೆಯಲ್ಲಿ ದುಡ್ಡು ಕಟ್ಟಿ ಅಂದರೆ ಎಲ್ಲಿಂದ ತರುವುದು ಅನ್ನುವ ಚಿಂತೆ.

ಆದ್ದರಿಂದ ಅವರಿಗೆ ಈಗಲೇ, ಬಾಯಿಬಿಟ್ಟು, ಅಪ್ಪ ಅಮ್ಮನ ಎದುರಿಗೇ ಹೇಳಿ: "ಚಿಕ್ಕಮ್ಮ, ಏನಾದರೂ ಆದರೆ ನನ್ನನ್ನು ಕೇಳುತ್ತಾ ಕೂರಬೇಡಿ. ಮೊದಲು ಆಸ್ಪತ್ರೆಗೆ ಹೊರಡಿ, ಆಮೇಲೆ ಫೋನ್ ಮಾಡಿ. ಏನೇ ಆದರೂ ನಿಮ್ಮನ್ನು ಒಂದು ಮಾತೂ ಅನ್ನಲ್ಲ. ದುಡ್ಡು ನಾನು ಅಲ್ಲೇ ಹಾಕ್ತೀನಿ." ನಿಮ್ಮ ತಮ್ಮನೂ ಇದೇ ಮಾತು ಹೇಳಬೇಕು. ಅಕ್ಕ ಒಂದು ಹೇಳಿ ತಮ್ಮ ಇನ್ನೊಂದು ಹೇಳಿದರೆ ಮಧ್ಯದವರು ಕೈಕಟ್ಟಿ ನಿಲ್ಲುತ್ತಾರೆ. ಮಕ್ಕಳು ಬರುವ ತನಕ ಯಾರ ಮಾತು ಕೊನೆಯ ಮಾತು ಅನ್ನುವುದನ್ನೂ ನಿರ್ಧರಿಸಿಬಿಡಿ.

ನಿಮ್ಮ ಪತ್ರದಲ್ಲಿ ಇನ್ನೊಂದು ಒಳ್ಳೆಯ ಸಂಗತಿ ಇದೆ, ನೀವು ಗಮನಿಸಿಲ್ಲ ಅನ್ನಿಸುತ್ತದೆ. ಅಪ್ಪ ದಿನಾ ಡೇರಿಗೆ ಹೋಗುತ್ತಾರೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಯಾರ ಹಾಲು ಬಂತು, ಯಾರದು ಬರಲಿಲ್ಲ ಅನ್ನುವುದು ಡೇರಿ ಸೆಕ್ರೆಟರಿಗೆ ಪುಸ್ತಕದಲ್ಲೇ ಗೊತ್ತಾಗುತ್ತದೆ. ಅವರಿಗೆ ಒಂದು ಮಾತು ಹೇಳಿಡಿ. ಮುಂಚಿತವಾಗಿ ಹೇಳದೆ ಒಂದು ಹೊತ್ತು ಹಾಲು ಬರದಿದ್ದರೆ ಯಾರನ್ನಾದರೂ ಮನೆ ಕಡೆ ಕಳಿಸಿ, ನನಗೆ ಒಂದು ಮಿಸ್ಡ್ ಕಾಲ್ ಕೊಡಿ ಅಂತ. ದಿನಕ್ಕೆ ಎರಡು ಸಲ ಒಬ್ಬ ಪರಿಚಿತ ಮನುಷ್ಯ ನಿಮ್ಮ ಅಪ್ಪನ ಮುಖ ನೋಡುತ್ತಾನೆ. ನಗರದಲ್ಲಿ ಫ್ಲಾಟಿನಲ್ಲಿರುವ ಎಷ್ಟೋ ಹಿರಿಯರಿಗೆ ಈ ಭಾಗ್ಯ ಇಲ್ಲ. ಅಮ್ಮನಿಗೂ ಅಂಥದ್ದೊಂದು ಬೇಕು. ಅಪ್ಪ ಹೊರಗೆ ಹೋಗುವಾಗ ಪಕ್ಕದ ಮನೆಗೆ ಹೇಳಿ ಹೋಗುವುದು, ಅಮ್ಮ ಸ್ನಾನ ಮುಗಿಸಿ ಹಿತ್ತಲ ಬಾಗಿಲು ತೆರೆಯುವುದು, ಇಷ್ಟು ಹೊತ್ತಾದರೂ ಬಾಗಿಲು ತೆರೆಯದಿದ್ದರೆ ಅವರು ಕೂಗಿ ನೋಡುವುದು. ಇಷ್ಟೇ ಸಾಕು.

ಕೂಗಿದಾಗ ಉತ್ತರ ಬರದಿದ್ದರೆ ಒಳಗೆ ಹೋಗುವುದು ಹೇಗೆ? ಹಳ್ಳಿಯ ಬಾಗಿಲಿಗೆ ರಾತ್ರಿ ಒಳಗಿನಿಂದ ಅಗುಳಿ ಹಾಕಿದರೆ ಹೊರಗಿನವರು ಬಾಗಿಲು ಒಡೆಯಬೇಕು. ಎರಡೂ ಕಡೆಯಿಂದ ಬೀಗದ ಕೈಯಲ್ಲಿ ತೆರೆಯುವ ಲಾಕ್ ಹಾಕಿಸಿ, ಒಂದು ಕೀಲಿ ಪಕ್ಕದ ಮನೆಯಲ್ಲಿರಲಿ. ಬಚ್ಚಲ ಬಾಗಿಲಿಗೆ ಒಳಚಿಲಕವೇ ಬೇಡ, ಒಂದು ಪರದೆ ಸಾಕು. ಬಾಗಿಲು ಬೇಕೇ ಬೇಕು ಅಂದರೆ ಹೊರಕ್ಕೆ ತೆರೆಯುವಂತಿರಲಿ. ಬಾಗಿಲು ಒಳಕ್ಕೆ ತೆರೆಯುವಂತಿದ್ದು, ಬಿದ್ದವರು ಅದಕ್ಕೇ ಅಡ್ಡ ಮಲಗಿದ್ದರೆ ತಳ್ಳಲೂ ಆಗುವುದಿಲ್ಲ.

ಕ್ಯಾಮೆರಾ ಹಾಕಿಸಲಾ ಅಂತ ಕೇಳಿದ್ದೀರಿ. ಹಾಕಿಸಬೇಡಿ ಅನ್ನುವುದಿಲ್ಲ, ಆದರೆ ಅದರಿಂದ ಏನು ಸಿಗುತ್ತದೆ ಅಂತ ತಿಳಿದು ಹಾಕಿಸಿ. ಅಮ್ಮ ಬಿದ್ದದ್ದು ಬಚ್ಚಲಲ್ಲಿ, ಅಲ್ಲಿ ಕ್ಯಾಮೆರಾ ಹಾಕಲಾಗದು. ನಡುಮನೆಯಲ್ಲಿ ಹಾಕಿದರೆ ನಡುಮನೆ ಕಾಣುತ್ತದೆ. ಕರೆಂಟ್ ಹೋದರೆ ಅದೂ ಇಲ್ಲ. ನೀವು ಇಡೀ ದಿನ ನೋಡುತ್ತಾ ಕೂರುವುದಿಲ್ಲ, ಅಥವಾ ನೋಡುತ್ತಾ ಕೂತು ಇನ್ನೂ ನಿದ್ದೆ ಕೆಡಿಸಿಕೊಳ್ಳುತ್ತೀರಿ. ಹಾಕಿಸುವುದಾದರೆ ಅವರು ಮನಸಾರೆ ಒಪ್ಪಿರಬೇಕು. ನನ್ನ ಬಳಿ ಬರುವ ಒಬ್ಬ ಅಜ್ಜಿ ಸೊಂಟ ನೋಯುತ್ತಿದ್ದರೂ ಮಧ್ಯಾಹ್ನ ಮಲಗುತ್ತಿರಲಿಲ್ಲ. ಮಗ ನೋಡುತ್ತಿರುತ್ತಾನೆ, ಮಲಗೇ ಇದ್ದಾಳೆ ಅಂದುಕೊಳ್ಳುತ್ತಾನೆ ಅನ್ನುವ ಸಂಕೋಚ. ಅದಕ್ಕಿಂತ ದೊಡ್ಡ ಬಟನ್ ಇರುವ ಸಣ್ಣ ಕೀಪ್ಯಾಡ್ ಫೋನು ಎಷ್ಟೋ ವಾಸಿ. ಹಿಂದೆ ಎಸ್‌ಒಎಸ್ ಗುಂಡಿ ಇರುವಂಥದ್ದು ಸಿಗುತ್ತದೆ. ಒಂದು ದಾರಕ್ಕೆ ಕಟ್ಟಿ ಕೊರಳಲ್ಲಿ ಹಾಕಿಕೊಳ್ಳಲಿ. ಸ್ನಾನಕ್ಕೆ ಹೋದಾಗ ಬಚ್ಚಲಲ್ಲಿ, ನೆಲದಿಂದ ಕೈಗೆ ಎಟಕುವಷ್ಟು ಕೆಳಗೆ, ಒಂದು ಮೊಳೆಗೆ ಪ್ಲಾಸ್ಟಿಕ್ ಕವರಿನಲ್ಲಿ ತೂಗುಹಾಕಲಿ. ಕೆಳಗೆ ಅಂದದ್ದು ಯಾಕೆಂದರೆ, ಬಿದ್ದವರ ಕೈ ಎದೆಮಟ್ಟದ ಗೂಡಿಗೆ ಹೋಗುವುದಿಲ್ಲ. ಬೀಳುವುದನ್ನು ತಾನೇ ಗುರುತಿಸುವ ವಾಚುಗಳೂ ಇವೆ. ಚಾರ್ಜ್ ಮಾಡಲು ಮರೆಯದವರಿಗೆ ಅವು ಸರಿ.

"ಸೀದಾ ಬೆಂಗಳೂರಿಗೆ" ಅನ್ನುವ ಮಾತಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು. ಇದರಿಂದ ಜೀವ ಹೋದದ್ದನ್ನು ನೋಡಿದ್ದೇನೆ. ನಿಮ್ಮ ತಾಲ್ಲೂಕಿನಿಂದ ಕೋಲಾರ ಸುಮಾರು 25 ಕಿಲೋಮೀಟರ್. ಅಲ್ಲಿಂದ ಬೆಂಗಳೂರು ಮತ್ತೆ 70ರ ಹತ್ತಿರ. ಹೆದ್ದಾರಿ ಚೆನ್ನಾಗಿದೆ, ನಿಜ. ಆದರೆ ಕೆ.ಆರ್. ಪುರ ಬಂದ ಮೇಲೆ ಟಿನ್ ಫ್ಯಾಕ್ಟರಿ ದಾಟುವುದಕ್ಕೆ ಎಷ್ಟು ಹೊತ್ತು ಬೇಕು ಅಂತ ಯಾರೂ ಹೇಳಲಾರರು. ಯಾವುದಕ್ಕೆ ಎಲ್ಲಿಗೆ ಅನ್ನುವುದು ಕಾಯಿಲೆಯ ಮೇಲೆ ನಿಂತಿದೆ.

ಎದೆನೋವು, ಎದೆ ಹಿಂಡಿದ ಹಾಗೆ, ಬೆವರು, ಎಡಗೈಗೋ ದವಡೆಗೋ ಹರಡುವ ನೋವು. ಸಕ್ಕರೆ ಕಾಯಿಲೆ ಇರುವ ನಿಮ್ಮ ಅಪ್ಪನಂಥವರಿಗೆ ಕೆಲವು ಸಲ ನೋವೇ ಇರುವುದಿಲ್ಲ, ಸುಮ್ನೆ ಸುಸ್ತು, ಉಸಿರುಕಟ್ಟು, ಬೆವರು ಅಷ್ಟೇ. "ಗ್ಯಾಸ್ ಇರಬೇಕು" ಅಂತ ಸೋಡಾ ಕುಡಿಸಿ ಮಲಗಿಸುತ್ತಾರೆ. ಇಂಥದ್ದು ಕಂಡರೆ ಮೊದಲು ಇಸಿಜಿ ಸಿಗುವ ಅತಿ ಹತ್ತಿರದ ಜಾಗಕ್ಕೆ ಹೋಗಬೇಕು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಹೃದ್ರೋಗ ತಜ್ಞರಿಗೆ ಕಳಿಸಿ ತೋರಿಸುತ್ತಾರೆ. ಹೃದಯಾಘಾತ ಅಂತ ಖಾತ್ರಿಯಾದರೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟಿಪ್ಲೇಸ್ ಅನ್ನುವ ದುಬಾರಿ ಇಂಜೆಕ್ಷನ್ ಅಲ್ಲೇ ಪುಕ್ಕಟೆಯಾಗಿ ಕೊಡುತ್ತಾರೆ. ಆಮೇಲೆ ದೊಡ್ಡ ಆಸ್ಪತ್ರೆಗೆ ಹೊರಡಬಹುದು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ವ್ಯವಸ್ಥೆ ರಾತ್ರಿಯೂ ಇದೆಯಾ ಅಂತ ಫೋನ್ ಮಾಡಿ ಕೇಳಿಡಿ.

ಬಾಯಿ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು. ಇದು ಸ್ಟ್ರೋಕ್, ಊರಲ್ಲಿ ಲಕ್ವ ಅನ್ನುತ್ತೇವೆ. ಹೆಪ್ಪು ಕರಗಿಸುವ ಚಿಕಿತ್ಸೆಗೆ ಇರುವ ಸಮಯ ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ. ಎಷ್ಟು ಬೇಗ ಕೊಟ್ಟರೆ ಅಷ್ಟು ಮೆದುಳು ಉಳಿಯುತ್ತದೆ. ಆದರೆ ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಬೇಕು. ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಆಗಿದೆಯೋ, ರಕ್ತನಾಳ ಒಡೆದು ಆಗಿದೆಯೋ ಅಂತ ಸ್ಕ್ಯಾನ್ ಇಲ್ಲದೆ ಹೇಳಲಾಗದು. ಹಾಗಾಗಿ ಇದಕ್ಕೆ ಸ್ಕ್ಯಾನ್ ಇರುವ ಕೋಲಾರಕ್ಕೇ ನೇರ ಹೊರಡಬೇಕು. ಶುರುವಾದ ಗಂಟೆ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ, ವೈದ್ಯರು ಕೇಳುವ ಮೊದಲ ಪ್ರಶ್ನೆ ಅದೇ. ಲಕ್ವಕ್ಕೆ ನಾಟಿ ಔಷಧಿ ಕೊಡಿಸಿ ಬೆಳಿಗ್ಗೆ ನೋಡೋಣ ಅನ್ನುವವರು ನಿಮ್ಮ ಊರಲ್ಲೂ ಇರುತ್ತಾರೆ. ಆ ಬೆಳಿಗ್ಗೆ ಅನ್ನುವುದು ತುಂಬಾ ದುಬಾರಿ. ಇನ್ನೊಂದು ಮಾತು, ಸ್ಟ್ರೋಕ್ ಅನುಮಾನ ಇದ್ದಾಗ ಆಸ್ಪಿರಿನ್ ಮನೆಯಲ್ಲಿ ಕೊಡಲೇಬೇಡಿ. ಎದೆನೋವಿಗೆ ಅಂತ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆಯನ್ನೂ ವೈದ್ಯರು ನಿಮ್ಮ ಅಪ್ಪನಿಗೇ ಅಂತ ಬರೆದುಕೊಟ್ಟಿರದಿದ್ದರೆ ಯಾರೂ ಕೊಡಬಾರದು. ಬಿಪಿ ದಿಢೀರ್ ಇಳಿದುಬಿಡುತ್ತದೆ.

ಬಿದ್ದ ಮೇಲೆ ಒಂದು ಕಾಲು ಗಿಡ್ಡವಾಗಿ ಪಾದ ಹೊರಗೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರುವ ಸಾಧ್ಯತೆ ದೊಡ್ಡದು. ಎತ್ತಿ ನಿಲ್ಲಿಸಿ ನಡೆಸಿ ನೋಡಬಾರದು. ಹಲಗೆ ಅಥವಾ ಗಟ್ಟಿ ಚಾಪೆಯ ಮೇಲೆ ಮಲಗಿಸಿಯೇ ಸಾಗಿಸಬೇಕು. ಇಲ್ಲಿ ನಿಮಿಷದ ಲೆಕ್ಕ ಇಲ್ಲ, ಆಸ್ಪತ್ರೆ ಆಯ್ಕೆ ಮಾಡಿಕೊಳ್ಳಲು ಸಮಯ ಸಿಗುತ್ತದೆ. ಆದರೆ ಒಂದೆರಡು ದಿನದೊಳಗೆ ಆಪರೇಷನ್ ಆದರೆ ಒಳ್ಳೆಯದು. ವಾರಗಟ್ಟಲೆ ಮಲಗಿಸಿದರೆ ನ್ಯುಮೋನಿಯಾ, ಬೆನ್ನು ಹುಣ್ಣು ಬರುತ್ತದೆ. "ಈ ವಯಸ್ಸಲ್ಲಿ ಆಪರೇಷನ್ ಯಾಕೆ" ಅಂತ ಬಿಡುವವರಿದ್ದಾರೆ. ಈ ವಯಸ್ಸಲ್ಲಿ ಮಲಗಿರುವುದೇ ಹೆಚ್ಚು ಅಪಾಯ. ತಲೆಗೆ ಪೆಟ್ಟಾಗಿದ್ದು, ರಕ್ತ ತೆಳುವಾಗುವ ಮಾತ್ರೆ ನುಂಗುವವರಾದರೆ, ನೋವಿಲ್ಲದಿದ್ದರೂ ಸ್ಕ್ಯಾನ್ ಆಗಲೇಬೇಕು.

ಅಪ್ಪನ ಸಕ್ಕರೆ ಇಳಿಯುವುದು ನನಗೆ ಇವೆಲ್ಲಕ್ಕಿಂತ ಹೆಚ್ಚು ಚಿಂತೆ ಕೊಡುವ ವಿಷಯ. ಮಾತ್ರೆ, ಇನ್ಸುಲಿನ್ ಎರಡೂ ಇವೆ ಅಂದಿರಿ. ತೋಪಿನಲ್ಲಿ ಕೆಲಸ ಜಾಸ್ತಿಯಾಗಿ ಊಟ ತಡವಾದರೆ, ಶಿವರಾತ್ರಿ ಉಪವಾಸ ಮಾಡಿ ಮಾತ್ರೆ ಮಾತ್ರ ನುಂಗಿದರೆ, ಸಕ್ಕರೆ 70ಕ್ಕಿಂತ ಕೆಳಗೆ ಹೋಗಬಹುದು. ಬೆವರು, ನಡುಕ, ಸಿಟ್ಟು, ಅಸಂಬದ್ಧ ಮಾತು. ನೋಡಿದವರು ಕುಡಿದಿದ್ದಾರೆ ಅಂದುಕೊಳ್ಳುತ್ತಾರೆ. ಎಚ್ಚರ ಇದ್ದು ನುಂಗುವಂತಿದ್ದರೆ ತಕ್ಷಣ ಮೂರು ಚಮಚ ಸಕ್ಕರೆ ಕದಡಿದ ನೀರು ಕೊಡಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು, ಸಕ್ಕರೆ ಇನ್ನೂ ಕೆಳಗೇ ಇದ್ದರೆ ಮತ್ತೆ ಅಷ್ಟೇ ಕೊಡಬೇಕು. ಸರಿಹೋದ ಮೇಲೆ ಊಟ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಪಕ್ಕಕ್ಕೆ ತಿರುಗಿಸಿ ಮಲಗಿಸಿ 108. ಗ್ಲಿಮೆಪಿರೈಡ್ ಥರದ ಮಾತ್ರೆಯಿಂದ ಇಳಿದ ಸಕ್ಕರೆ ಒಮ್ಮೆ ಏರಿ ಮತ್ತೆ ಇಳಿಯುತ್ತದೆ. ಆದ್ದರಿಂದ ಚೇತರಿಸಿಕೊಂಡರು ಅಂತ ಸುಮ್ನಾಗದೆ ಆಸ್ಪತ್ರೆಯಲ್ಲಿ ಒಂದು ದಿನ ಇರಿಸುವುದು ವಾಸಿ. 76ರ ವಯಸ್ಸಿನಲ್ಲಿ ಸಕ್ಕರೆಯನ್ನು ಯುವಕರಂತೆ ಬಿಗಿಯಾಗಿ ಇಡುವ ಅಗತ್ಯವೂ ಇರುವುದಿಲ್ಲ. ಡೋಸ್ ಕಡಿಮೆ ಮಾಡಬಹುದಾ ಅಂತ ಅವರ ವೈದ್ಯರನ್ನು ಕೇಳಿ.

ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಅಪ್ಪ ಮೋಟರ್ ಹಾಕಲು ತೋಪಿಗೆ ಹೋಗುತ್ತಾರಾ? ನೀವು ಬರೆದಿಲ್ಲ, ಆದರೆ ನಮ್ಮ ಕಡೆ ಹೋಗದವರು ಕಡಿಮೆ. ಕತ್ತಲು, ಒದ್ದೆ ನೆಲ, ಹಾವು, ಸ್ಟಾರ್ಟರ್ ಪೆಟ್ಟಿಗೆಯ ಶಾಕ್, ಎಲ್ಲ ಒಂದೇ ಕಡೆ. ಫೋನಿನಿಂದ ಆನ್ ಆಫ್ ಮಾಡುವ ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಡಿ. ಕ್ಯಾಮೆರಾಕ್ಕೆ ಹಾಕುವ ದುಡ್ಡನ್ನು ಇದಕ್ಕೆ ಹಾಕಿದರೆ ನನಗೆ ಹೆಚ್ಚು ಸಮಾಧಾನ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಕಾಲು ಅಲ್ಲಾಡದಂತೆ ಮಲಗಿಸಿ ತಾಲ್ಲೂಕು ಆಸ್ಪತ್ರೆಗೆ ಹೊರಡಬೇಕು.

ಇನ್ನು ಅಮ್ಮ ಯಾಕೆ ಬಿದ್ದರು? "ಜಾರಿದೆ" ಅಂದಿರುತ್ತಾರೆ. ಎಲ್ಲರೂ ಹಾಗೇ ಅನ್ನುತ್ತಾರೆ. ನೆಲ ಒಂದು ಕಾರಣ, ನಿಜ. ಹಂಡೆ ಇರುವ ಹಳೆಯ ಬಚ್ಚಲು, ಒಂದು ಮೆಟ್ಟಿಲು ಇಳಿಯಬೇಕು, ಕಲ್ಲಿನ ಮೇಲೆ ಸೋಪು, ಮಂದ ಬೆಳಕು. ಒಂದು ಸ್ಟೀಲ್ ಕಂಬಿ, ಒರಟು ಮ್ಯಾಟು, ಕೂತು ಸ್ನಾನ ಮಾಡಲು ಎತ್ತರದ ಸ್ಟೂಲು, ಪ್ರಕಾಶವಾದ ಬಲ್ಬು, ಇಷ್ಟು ಈ ವಾರವೇ ಆಗಲಿ. ಕಂಬಿಯನ್ನು ಸ್ಕ್ರೂ ಹಾಕಿ ಗೋಡೆಗೇ ಕೂರಿಸಬೇಕು, ಅಂಟಿಸುವ ಕಂಬಿ ಕೈಗೆ ಬರುತ್ತದೆ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಬಿಪಿ ಮಾತ್ರೆ ನುಂಗುವ ಹಿರಿಯರಿಗೆ ಮಲಗಿ ಎದ್ದಾಗ ಬಿಪಿ ಥಟ್ಟನೆ ಇಳಿಯುವುದುಂಟು. ಮಲಗಿದಾಗ ಒಮ್ಮೆ, ಎದ್ದು ನಿಂತ ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಒಮ್ಮೆ ಅಳೆಯಲಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಮಾತ್ರೆ ಬದಲಿಸಬೇಕಾಗಬಹುದು. ಯಾರೋ ಯಾವಾಗಲೋ ಬರೆದುಕೊಟ್ಟ ನಿದ್ದೆ ಮಾತ್ರೆ, ತಲೆಸುತ್ತಿನ ಮಾತ್ರೆ ಇನ್ನೂ ನುಂಗುತ್ತಿದ್ದಾರಾ ನೋಡಿ. ಅವು ತಾವೇ ಬೀಳಿಸುತ್ತವೆ. ನೋಡಿದ ಮೇಲೆ ನೀವಾಗಿ ನಿಲ್ಲಿಸದೆ ವೈದ್ಯರಿಗೆ ತೋರಿಸಿ.

ಮಣಿಕಟ್ಟು ಮಾತ್ರ ಮುರಿಯಿತು ಅಂದಿರಿ. ನಾನು ಅದನ್ನು ಅಷ್ಟು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿದರೆ ಮೂಳೆ ಸವೆದಿದೆ ಅಂತ ಅರ್ಥ. ಮುಂದಿನ ಸಲ ಸೊಂಟ ಮುರಿಯುವ ಸಾಧ್ಯತೆ ಹೆಚ್ಚು. ಸುಮ್ನೆ ಕ್ಯಾಲ್ಸಿಯಂ ಮಾತ್ರೆ ಸಾಲದು. ಮೂಳೆ ಸಾಂದ್ರತೆಯ ಪರೀಕ್ಷೆ, ವಿಟಮಿನ್ ಡಿ ನೋಡಿಸಿ. ಮೂಳೆ ಗಟ್ಟಿ ಮಾಡಲು ವಾರಕ್ಕೊಮ್ಮೆ ನುಂಗುವ ಮಾತ್ರೆ, ವರ್ಷಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇವೆ.

ಅರವತ್ತಕ್ಕೆ ಅರಳು ಮರಳು ಅನ್ನುವ ಗಾದೆ ನಮ್ಮವರ ಕಾಯಿಲೆಗಳನ್ನು ಎಷ್ಟು ಮುಚ್ಚಿಟ್ಟಿದೆಯೋ! ನಿನ್ನೆ ಚೆನ್ನಾಗಿದ್ದವರು ಇವತ್ತು ಹೊತ್ತು ಗೊತ್ತಿಲ್ಲದೆ ಮಾತಾಡಿದರೆ, ಇಲ್ಲದವರು ಕಂಡರು ಅಂದರೆ, ಇಡೀ ದಿನ ಮಂಕಾಗಿ ಮಲಗಿದರೆ, ಅದು ವಯಸ್ಸಲ್ಲ. ಮೂತ್ರದ ಸೋಂಕು, ಸೋಡಿಯಂ ಇಳಿದಿರುವುದು, ಹೊಸ ಮಾತ್ರೆ, ನೀರು ಕಡಿಮೆಯಾಗಿರುವುದು, ಇವುಗಳಲ್ಲಿ ಒಂದಿರುತ್ತದೆ. ಹಿರಿಯರಿಗೆ ಸೋಂಕಿದ್ದರೂ ಜ್ವರ ಬರದೇ ಇರಬಹುದು. ಅದೇ ದಿನ ತೋರಿಸಬೇಕು.

ಇದನ್ನು ಫೋನಿನಲ್ಲಿ ಹಿಡಿಯುವುದು ಹೇಗೆ? "ಹೇಗಿದ್ದೀರಾ" ಅಂದರೆ "ಚೆನ್ನಾಗಿದ್ದೀವಿ, ನೀನು ಊಟ ಮಾಡಿದೆಯಾ" ಅನ್ನುತ್ತಾರೆ. ಮಕ್ಕಳಿಗೆ ತೊಂದರೆ ಬೇಡ ಅಂತ. ಬೇರೆ ಥರ ಕೇಳಿ. ಅಮ್ಮ, ರಾತ್ರಿ ಎಷ್ಟು ಸಲ ಎದ್ದೆ? ಇವತ್ತು ಏನು ಸಾರು? ಮಾತ್ರೆ ಪಟ್ಟಿಯಲ್ಲಿ ಇನ್ನೂ ಎಷ್ಟು ಉಳಿದಿದೆ, ಎಣಿಸಿ ಹೇಳು ನೋಡೋಣ. ಸಾರು ಮೂರು ದಿನದಿಂದ ಇಲ್ಲ, ಬರೀ ಮೊಸರನ್ನ ಅಂದರೆ ಅಲ್ಲಿ ಏನೋ ಇದೆ.

ಮನೆಯಲ್ಲಿ ಒಂದು ಹಾಳೆ ಬೇಕು. ಅಡುಗೆಮನೆ ಬಾಗಿಲ ಹಿಂದೆ ಅಂಟಿಸುವಂಥದ್ದು, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ. ಅಪ್ಪನದೊಂದು, ಅಮ್ಮನದೊಂದು. ಅಪ್ಪನದು ಹೀಗಿರಬಹುದು:

"ವಯಸ್ಸು 76. ಸಕ್ಕರೆ ಕಾಯಿಲೆ, ಇಷ್ಟು ವರ್ಷದಿಂದ. ಮಾತ್ರೆ: ಹೆಸರು, ಎಷ್ಟು ಎಂಜಿ, ಯಾವ ಹೊತ್ತು. ಇನ್ಸುಲಿನ್: ಹೆಸರು, ಎಷ್ಟು ಯೂನಿಟ್. ರಕ್ತ ತೆಳುವಾಗುವ ಮಾತ್ರೆ: ಇದೆ / ಇಲ್ಲ. ಆಗದ ಔಷಧಿ: ಇದು. ಹಿಂದೆ ಆದ ಆಪರೇಷನ್: ಇದು. ನೋಡುವ ಡಾಕ್ಟರು, ಅವರ ನಂಬರ್. ಮಗಳು, ಮಗ, ಪಕ್ಕದ ಮನೆ, ಗಾಡಿ. ಊರಿಗೆ ದಾರಿ: ಯಾವ ಕ್ರಾಸಿನಲ್ಲಿ ತಿರುಗಬೇಕು, ಯಾವ ಗುಡಿ ಪಕ್ಕ."

ರಕ್ತದ ಗುಂಪನ್ನು ಕೆಲವರು ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆಯುತ್ತಾರೆ. ಬರೆಯಿರಿ, ಆದರೆ ಯಾವ ಆಸ್ಪತ್ರೆಯೂ ಅದನ್ನು ನಂಬಿ ರಕ್ತ ಏರಿಸುವುದಿಲ್ಲ, ಹೊಸದಾಗಿ ಪರೀಕ್ಷೆ ಮಾಡಿಯೇ ಮಾಡುತ್ತಾರೆ. ನಮಗೆ ಅದಕ್ಕಿಂತ ಬೇಕಾದದ್ದು ಹಳೆಯ ಇಸಿಜಿ. ಈಗಿನದನ್ನು ಹಿಂದಿನದರ ಜೊತೆ ಇಟ್ಟು ನೋಡಿದರೆ ಎಷ್ಟೋ ಗೊಂದಲ ಅಲ್ಲೇ ಬಗೆಹರಿಯುತ್ತದೆ. ಇಸಿಜಿ ಕಾಗದ ಮಾಸಿಹೋಗುತ್ತದೆ, ಫೋಟೊ ತೆಗೆದಿಡಿ. ಅದು, ಕೊನೆಯ ರಕ್ತ ಪರೀಕ್ಷೆ, ಆಧಾರ್, ರೇಷನ್ ಕಾರ್ಡ್ ಎಲ್ಲ ಒಂದೇ ಫೈಲಿನಲ್ಲಿ. ಅದರ ಫೋಟೊ ನಿಮ್ಮ, ತಮ್ಮನ, ಪಕ್ಕದ ಮನೆ ಹುಡುಗನ ಫೋನಿನಲ್ಲಿ.

ದುಡ್ಡಿನ ಬಗ್ಗೆ ಚುಟುಕಾಗಿ. ಜೀವಕ್ಕೆ ಅಪಾಯ ಇರುವವರಿಗೆ ಮೊದಲ ಚಿಕಿತ್ಸೆ ಕೊಡುವುದು ಸರ್ಕಾರಿ ಇರಲಿ, ಖಾಸಗಿ ಇರಲಿ, ಪ್ರತಿಯೊಬ್ಬ ವೈದ್ಯರ ಕರ್ತವ್ಯ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಆದರೂ ರಾತ್ರಿ ಗಾಡಿಗೆ ಡೀಸೆಲ್ ಹಾಕಿಸಲು ಮನೆಯಲ್ಲಿ ಸ್ವಲ್ಪ ನಗದು ಇರಲಿ, ಎಲ್ಲಿದೆ ಅಂತ ಅಮ್ಮನಿಗೂ ಗೊತ್ತಿರಲಿ. ಆಸ್ಪತ್ರೆಗಳಿಗೆ ಯುಪಿಐನಲ್ಲಿ 5 ಲಕ್ಷದವರೆಗೆ ಕಟ್ಟಲು ಅವಕಾಶ ಇದೆ, ನಿಮ್ಮ ಬ್ಯಾಂಕಿನ ಮಿತಿ ಎಷ್ಟು ನೋಡಿಕೊಳ್ಳಿ. ಅಪ್ಪನ ಖಾತೆಗೆ ಅಮ್ಮನನ್ನೋ ನಿಮ್ಮನ್ನೋ ಜಂಟಿಯಾಗಿ ಸೇರಿಸಿ, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯುವಂತೆ. ಪವರ್ ಆಫ್ ಅಟಾರ್ನಿ ಇದೆ, ಸಾಕು ಅಂದುಕೊಳ್ಳಬೇಡಿ. ಬರೆದುಕೊಟ್ಟವರ ಬುದ್ಧಿ ಸ್ವಾಧೀನದಲ್ಲಿಲ್ಲ ಅಂತಾದರೆ ನಮ್ಮ ಕಾನೂನಿನಲ್ಲಿ ಅದು ನಿಲ್ಲುವುದಿಲ್ಲ. ಬೇಕಾದ ಹೊತ್ತಿಗೇ ಕೈಕೊಡುತ್ತದೆ. 70 ತುಂಬಿದವರಿಗೆ ಆದಾಯ ನೋಡದೆ ವರ್ಷಕ್ಕೆ 5 ಲಕ್ಷದವರೆಗಿನ ಆಯುಷ್ಮಾನ್ ಸೌಲಭ್ಯವನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ಶುರುಮಾಡಿದೆ. ನಮ್ಮಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯೂ ಇದೆ. ನಿಮ್ಮವರಿಗೆ ಯಾವುದು, ಯಾವ ಆಸ್ಪತ್ರೆಯಲ್ಲಿ, ಯಾವುದಕ್ಕೆ ರೆಫರಲ್ ಚೀಟಿ ಬೇಕು ಅನ್ನುವುದನ್ನು ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲಿ ಈ ಯೋಜನೆಗಳ ಮಾಹಿತಿ ಕೊಡುವ ಆರೋಗ್ಯಮಿತ್ರರ ಹತ್ತಿರ ಮೊದಲೇ ಕೇಳಿ ಬರೆದಿಡಿ.

ಕೊನೆಗೆ ದೊಡ್ಡ ಪ್ರಶ್ನೆ, ಪುಣೆಗೆ ಕರೆತರುವುದು. ಒತ್ತಾಯ ಮಾಡಿ ಈಗಲೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿ ಆಸ್ಪತ್ರೆ ಹತ್ತಿರ, ನೀವು ಹತ್ತಿರ, ಅದು ನಿಜ. ಆದರೆ ನೀವು ಕೆಲಸಕ್ಕೆ ಹೋದ ಮೇಲೆ ಅವರು ಅಲ್ಲೂ ಇಬ್ಬರೇ. ಭಾಷೆ ಬಾರದು, ಡೇರಿ ಇಲ್ಲ, ಮಾತಾಡಿಸುವವರಿಲ್ಲ. ಹೊಸ ಮನೆಯಲ್ಲಿ ರಾತ್ರಿ ಬಾತ್‌ರೂಮ್ ಹುಡುಕುತ್ತಾ ಬಿದ್ದವರನ್ನೂ ನೋಡಿದ್ದೇನೆ. ಮರೆವು ಶುರುವಾದವರಿಗೆ ಜಾಗ ಬದಲಾದರೆ ಗೊಂದಲ ಹೆಚ್ಚುತ್ತದೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಮನೆಗೆ ಬರುವ ಊರಿನದೇ ಹೆಂಗಸೊಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವುದು ಸದ್ಯಕ್ಕೆ ಹೆಚ್ಚು ಹೊಂದುತ್ತದೆ. ಅಮ್ಮ ಸ್ನಾನ ಮಾಡುವಾಗ ಅವರು ಮನೆಯಲ್ಲಿರಬೇಕು. ಏಜೆನ್ಸಿಯಿಂದ ಅಪರಿಚಿತರನ್ನು ತರುವುದಾದರೆ ಪೊಲೀಸ್ ಪರಿಶೀಲನೆ ಆಗಿರಲಿ. ಆಶಾ ಕಾರ್ಯಕರ್ತೆಗೆ ನಿಮ್ಮ ಮನೆಯ ಪರಿಸ್ಥಿತಿ ಹೇಳಿಡಿ, ಆದರೆ ಆರೈಕೆಯ ಭಾರ ಹೊರಿಸಬೇಡಿ. ಅವರಿಗೆ ಮಾಡಲು ಬೇಕಾದಷ್ಟು ಕೆಲಸ ಇದೆ. ಮನೆಮನೆಗೆ ಬಂದು ಬಿಪಿ, ಸಕ್ಕರೆ ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಶುರುವಾದದ್ದೇ ನಮ್ಮ ಕೋಲಾರ ಜಿಲ್ಲೆಯಿಂದ. ಅವರು ಬಂದಾಗ ತಪ್ಪಿಸಿಕೊಳ್ಳಬೇಡಿ ಅಂತ ಅಪ್ಪನಿಗೆ ಹೇಳಿ.

ಆದರೆ ಕೆಲವು ಗೆರೆಗಳನ್ನು ಈಗಲೇ ಎಳೆದಿಡಿ. ಮತ್ತೆ ಬಿದ್ದರೆ, ಇನ್ಸುಲಿನ್ ಎರಡು ಸಲ ಚುಚ್ಚಿಕೊಂಡರೆ, ದಾರಿ ತಪ್ಪಿ ಅಲೆದರೆ, ಇಬ್ಬರಲ್ಲಿ ಒಬ್ಬರೇ ಉಳಿದರೆ, ಆಗ ಜಾಗ ಬದಲಿಸುವ ಮಾತು ಎತ್ತಲೇಬೇಕು. ಗಾಬರಿಯ ದಿನ ನಿರ್ಧಾರ ಮಾಡುವ ಬದಲು, ಮಾವು ಕೊಯ್ದಾದ ಮೇಲೆ ಎರಡು ತಿಂಗಳು ಬಂದು ಇರಲಿ, ಹಸುವನ್ನು ಯಾರಾದರೂ ನೋಡಿಕೊಳ್ಳಲಿ. ಅವರಿಗೂ ಗೊತ್ತಾಗುತ್ತದೆ, ನಿಮಗೂ ಗೊತ್ತಾಗುತ್ತದೆ. ಆ ಎರಡು ತಿಂಗಳಲ್ಲಿ ನಿಧಾನವಾಗಿ ಇನ್ನೊಂದು ಮಾತೂ ಆಗಲಿ. ತೀರಾ ಕೈಮೀರಿದ ಸ್ಥಿತಿಯಲ್ಲಿ ವೆಂಟಿಲೇಟರ್ ಬೇಕಾ ಬೇಡವಾ, ಅವರ ಇಷ್ಟ ಏನು ಅಂತ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ ಬರೆದಿಡಲು ಸುಪ್ರೀಂ ಕೋರ್ಟ್ ಅವಕಾಶ ಕೊಟ್ಟಿದೆ. ಬರೆಯದಿದ್ದರೂ ಪರವಾಗಿಲ್ಲ, ನೀವು ಅಕ್ಕ ತಮ್ಮ ಇಬ್ಬರೂ ಅವರ ಬಾಯಿಂದ ಕೇಳಿರಬೇಕು.

ಅಮ್ಮನ ಪ್ಲಾಸ್ಟರ್ ಬಿಚ್ಚಿಸುವ ದಿನಕ್ಕೆ ರಜೆ ಹಾಕಿ ಬನ್ನಿ. ಆ ಒಂದೇ ಪ್ರಯಾಣದಲ್ಲಿ ಮೂಳೆ ಪರೀಕ್ಷೆ, ನಿಂತು ಮಲಗಿ ಬಿಪಿ ನೋಡಿಸುವುದು, ಅಪ್ಪನ ಡೋಸ್ ಕೇಳುವುದು ಮೂರೂ ಆಗುತ್ತದೆ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ಡಬ್ಬಿಯಲ್ಲಿ, ದೇವರ ಗೂಡಿನಲ್ಲಿ, ದಿಂಬಿನ ಕೆಳಗೆ ಇರುವುದನ್ನೆಲ್ಲ, ಒಂದು ಚೀಲದಲ್ಲಿ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ವಾಪಸ್ ಹೊರಡುವ ಹಿಂದಿನ ರಾತ್ರಿ, ಊಟವಾದ ಮೇಲೆ, ಪಕ್ಕದ ಮನೆಯವರಿಗೆ ಮೊದಲೇ ಹೇಳಿ ಒಂದು ಸಲ ಮಾಡಿ ನೋಡಿ. ಅಮ್ಮ ಎಸ್‌ಒಎಸ್ ಗುಂಡಿ ಒತ್ತಲಿ. ಯಾರಿಗೆ ರಿಂಗ್ ಆಯಿತು, ಕೀಲಿ ಸಿಕ್ಕಿತಾ, ಫೈಲ್ ಎಲ್ಲಿದೆ ಅಂತ ಹುಡುಗನಿಗೆ ಗೊತ್ತಾಯಿತಾ, ಓಮ್ನಿಯವರು ಫೋನ್ ಎತ್ತಿದರಾ, ಎಲ್ಲಿ ತಡವಾಯಿತೋ ಅದನ್ನು ಬೆಳಿಗ್ಗೆ ಬಸ್ ಹತ್ತುವ ಮೊದಲು ಸರಿಮಾಡಿ.